ಸುರಪುರ ಮತ್ತು ಟೇಲರ್ ಸಾಹೇಬರ ಸಾಕ್ಷ್ಯ

ಫಿಲಿಪ್ ಮೆಡೋಸ್ ಟೇಲರ್ ಅವರ ಆತ್ಮಕಥೆ 1877ರಲ್ಲಿ, ಅವರು ತೀರಿಕೊಂಡ ಮರುವರ್ಷ, ಅಚ್ಚಾಯಿತು. ಪುಸ್ತಕದ ತುಂಬ ಸುರಪುರದ ಮೇಲಿನ ಪ್ರೀತಿಯಿದೆ. 1841ರಿಂದ 1853ರವರೆಗೆ ಸಂಸ್ಥಾನ ನೋಡಿಕೊಂಡ ಬ್ರಿಟಿಷ್ ಅಧಿಕಾರಿ ಟೇಲರರನ್ನು ಅಲ್ಲಿನ ಬಾಲಕ ರಾಜ ವೆಂಕಟಪ್ಪ ನಾಯಕರು ‘ಅಪ್ಪಾ’ ಎಂದೇ ಕರೆಯುತ್ತಿದ್ದರು. ಗುಡ್ಡದ ಮೇಲಿನ ಅವರ ಬಂಗಲೆ ಟೇಲರ್ ಮಂಜಿಲ್ ಕಂಡವರಿಗೆ ಈ ಕಥೆ ಗೊತ್ತು. ಆದರೆ ಆ ಪ್ರೀತಿಯೇ ಓದುಗರನ್ನು ಮುಖ್ಯ ಪ್ರಶ್ನೆಯಿಂದ ದೂರ ಒಯ್ಯುತ್ತದೆ: ಲಂಡನ್ನಿನ ವ್ಯಾಪಾರಿ ಕಂಪನಿಗೆ ಸುರಪುರದಲ್ಲಿ ಏನು ಹಕ್ಕಿತ್ತು?

ಸುರಪುರ ಕಪ್ಪ ಕೊಡುತ್ತಿದ್ದುದು ನಿಜಾಮನಿಗೆ. ಕಪ್ಪದ ಬಾಕಿ, ಗಾದಿಯ ಜಗಳಗಳ ನಡುವೆ ಕಂಪನಿ ಒಳಹೊಕ್ಕಿತು. ಬಾಲಕ ರಾಜರ ತಾಯಿ ರಾಣಿ ಈಶ್ವರಮ್ಮನವರ ಕೈಯಿಂದ ಆಡಳಿತ ಹೋಯಿತು. 1857ರ ದಂಗೆಯ ಹೊತ್ತಿಗೆ ರಾಜರ ಮೇಲೆ ಕಣ್ಣಿಡಲು ಕ್ಯಾಪ್ಟನ್ ಕ್ಯಾಂಪ್‌ಬೆಲ್ ಬಂದ. ಹಿಂದೆಯೇ ದಂಡು ಬಂತು. 1858ರ ಫೆಬ್ರುವರಿಯಲ್ಲಿ ಕಾಳಗ ನಡೆದು ಕಂಪನಿಯ ಕ್ಯಾಪ್ಟನ್ ನ್ಯೂಬೆರಿ ಸತ್ತ. ತನ್ನವರ ಜೀವ ಕಾಯುವುದು ತಪ್ಪೇ ಎಂದು ಕಂಪನಿಯ ಪರ ವಾದಿಸುವವರಿದ್ದಾರೆ. ಆ ಜೀವಗಳನ್ನು ತಂದು ಅಪಾಯದ ಬಾಯಿಗೆ ಇಟ್ಟದ್ದೂ ಕಂಪನಿಯೇ ಅಲ್ಲವೇ?

ರಾಜರು ಹೈದರಾಬಾದಿನಲ್ಲಿ ಸಿಕ್ಕಿಬಿದ್ದರು. ನಿಜಾಮನ ದಿವಾನ ಸಾಲಾರ್ ಜಂಗ್ ರಾಜರನ್ನು ಬ್ರಿಟಿಷ್ ರೆಸಿಡೆಂಟನಿಗೆ ಒಪ್ಪಿಸಿದ. ಅವರಿಗೆ ವಿಧಿಸಿದ ಮರಣದಂಡನೆ ಮೊದಲು ಗಡೀಪಾರಿಗೆ, ಆಮೇಲೆ ನಾಲ್ಕು ವರ್ಷದ ಸೆರೆಗೆ ಇಳಿಯಿತು. ಚೆಂಗಲ್ಪಟ್ಟಿನ ದಾರಿಯಲ್ಲೇ, ಕಾವಲಿನ ಅಧಿಕಾರಿಯ ರಿವಾಲ್ವರಿನ ಗುಂಡು ತಗುಲಿ ಅವರು ತೀರಿಕೊಂಡರು. ಟೇಲರ್ ಮನಸಾರೆ ದುಃಖಿಸುತ್ತಾರೆ, ರಾಜರ ಅಕಾಲ ಮರಣವನ್ನು ನುಡಿದಿದ್ದ ಹಳೆಯ ಜ್ಯೋತಿಷ್ಯವೊಂದನ್ನು ನೆನೆಯುತ್ತಾರೆ. ಪುಸ್ತಕ ಸೋಲುವುದು ಇಲ್ಲೇ. ಸಾವಿನ ಹೊಣೆ ವಿಧಿಯ ಹೆಗಲೇರಿದರೆ ಅಧಿಕಾರವನ್ನು ಕೇಳುವವರು ಯಾರು? ದೂರು ಕೊಟ್ಟವರೇ ತೀರ್ಪು ಕೊಟ್ಟರು. ಗೆದ್ದ ನೆಲವನ್ನು ನಿಷ್ಠೆಯ ಬಹುಮಾನವೆಂದು 1860ರ ಒಪ್ಪಂದದಲ್ಲಿ ನಿಜಾಮನಿಗೆ ಕೊಟ್ಟವರೂ ಅವರೇ.

ಆ ಕಾಲದ ನ್ಯಾಯವೇ ಹಾಗಿತ್ತು ಎಂಬ ಸಮಾಧಾನವನ್ನು ನಾನು ಒಪ್ಪುವುದಿಲ್ಲ. ಶಿಕ್ಷೆಯನ್ನು ಎರಡು ಸಲ ಇಳಿಸಿದವರಿಗೇ ಒಳಗೊಳಗೆ ಅಳುಕಿದ್ದಿರಬೇಕು. ಬಲ ಬಳಸಿದವರು ಉತ್ತರ ಹೇಳಬೇಕೆಂಬ ಕಟ್ಟಳೆ ಬಂದದ್ದು ಬಹಳ ಆಮೇಲೆ: 1945ರ ವಿಶ್ವಸಂಸ್ಥೆಯ ಸನ್ನದು, ಆತ್ಮರಕ್ಷಣೆಗೆ ಬಲ ಬಳಸಿದರೂ ಭದ್ರತಾ ಮಂಡಳಿಗೆ ತಿಳಿಸಬೇಕೆಂದು ವಿಧಿಸಿತು. 1956ರಲ್ಲಿ ಸೂಯೆಜ್ ಕಾಲುವೆಗಾಗಿ ಈಜಿಪ್ಟಿಗೆ ದಂಡು ಕಳಿಸಿದ ಬ್ರಿಟನ್, ಅಮೆರಿಕ ಮತ್ತು ವಿಶ್ವಸಂಸ್ಥೆಯ ಒತ್ತಡಕ್ಕೆ ಮಣಿದು ವಾಪಸಾಯಿತು. ಬಲಿಷ್ಠರು ಇಂದಿಗೂ ಆ ಕಟ್ಟಳೆ ಮುರಿಯುತ್ತಾರೆ, ನಿಜ. ಮುರಿದಾಗ ಜಗತ್ತಿನ ಮುಂದೆ ಕಾರಣವನ್ನಾದರೂ ಹೇಳಬೇಕಾಗುತ್ತದೆ. ವೆಂಕಟಪ್ಪ ನಾಯಕರಿಗೆ ದೂರು ಒಯ್ಯಲು ಅಂಥ ಯಾವ ಕಟ್ಟೆಯೂ ಇರಲಿಲ್ಲ. ಸುರಪುರದ ರೈತರನ್ನಂತೂ ಯಾರೂ ಕೇಳಲಿಲ್ಲ; ಅವರು 1948ರ ಸೆಪ್ಟೆಂಬರ್‌ವರೆಗೆ ನಿಜಾಮನ ಪ್ರಜೆಗಳಾಗಿಯೇ ಉಳಿದರು.