ಫಲ ತಪ್ಪಿದ ಮೇಲಿನ ಕರ್ಣ

ಫಲವನ್ನು ಬಯಸದೆ ಕರ್ಮವನ್ನು ಮಾಡಬೇಕೆಂಬ ಮಾತು ಕನ್ನಡನಾಡಿನ ಮನೆಗಳಲ್ಲಿ ತುಂಬ ಬಳಕೆಯಾದುದು. ಪರೀಕ್ಷೆಯಲ್ಲಿ ತಪ್ಪಿದ ಹುಡುಗನನ್ನು ಸಂತೈಸುವುದಕ್ಕೂ, ಮಳೆ ಹೋಗಿ ಕೈಸೋತ ಒಕ್ಕಲಿಗನಿಗೆ ಧೈರ್ಯ ಹೇಳುವುದಕ್ಕೂ ಅದೇ ಮಾತು ಒದಗುತ್ತದೆ. ಕೈಯಿಂದ ಕೈಗೆ ಸಾಗಿದ ನಾಣ್ಯದ ಅಚ್ಚು ಸವೆಯುವಂತೆ ಅದರ ಅರ್ಥವೂ ಸವೆದಿದೆ. ಹೇಳುವವನಿಗೆ ಖರ್ಚಿಲ್ಲ, ಕೇಳುವವನಿಗೆ ವರಮಾನವಿಲ್ಲ. ಫಲವು ಕಣ್ಣೆದುರಿಗೇ ಕೈಬಿಟ್ಟುಹೋದ ಮೇಲೂ ಒಬ್ಬನು ಕೆಲಸವನ್ನು ಬಿಡದೆ ಮಾಡುವುದೆಂದರೆ ಏನೆಂಬುದನ್ನು ಕಾಣಬೇಕಾದರೆ ಉಪದೇಶವನ್ನು ಬಿಟ್ಟು ಕಾವ್ಯದ ಬಳಿಗೆ ಹೋಗಬೇಕು.

ಗೀತೆಯನ್ನು ಕೇಳಿದವನು ಅರ್ಜುನ. ಆದರೆ ಕನ್ನಡ ಭಾರತಗಳಲ್ಲಿ ಆ ಮಾತಿನ ಭಾರವನ್ನು ಹೊತ್ತು ನಡೆದವನು ಅವನೆಂದು ಹೇಳುವುದು ಕಷ್ಟ. ಅವನ ರಥದಲ್ಲಿ ದೇವರೇ ಸಾರಥಿಯಾಗಿ ಕುಳಿತಿದ್ದಾನೆ. ಗೆಲ್ಲಲಿರುವವನು ಗೆಲುವನ್ನು ಬಯಸದಿದ್ದರೆ ಅದರಲ್ಲಿ ಹೆಚ್ಚುಗಾರಿಕೆ ಎಷ್ಟು? ಕ್ರಿ. ಶ. ೯೪೧ರ ಸುಮಾರಿನಲ್ಲಿ ವಿಕ್ರಮಾರ್ಜುನವಿಜಯವನ್ನು ರಚಿಸಿದ ಪಂಪನು ಗೀತೋಪದೇಶವನ್ನು ಕೆಲವೇ ಮಾತುಗಳಲ್ಲಿ ಮುಗಿಸಿಬಿಟ್ಟಿದ್ದಾನೆ. ಅವನ ಕಾವ್ಯದಲ್ಲಿ ಅರ್ಜುನನೇ ಆಶ್ರಯದಾತನಾದ ಅರಿಕೇಸರಿ. ಆದುದರಿಂದ ಗೆಲುವನ್ನು ಅರ್ಜುನನಿಗೆ ಸಲ್ಲಿಸುವುದು ಕವಿಯ ಪಾಲಿನ ಋಣ. ಆ ಋಣವನ್ನು ಚೊಕ್ಕಟವಾಗಿ ತೀರಿಸಿದ ಪಂಪನೇ, ಭಾರತದಲ್ಲಿ ಯಾರನ್ನಾದರೂ ನೆನೆಯುವುದಾದರೆ ಕರ್ಣನನ್ನೇ ನೆನೆಯಿರೆಂದು ಹೇಳಿದನು. ಗೆದ್ದವನ ಅನ್ನವನ್ನುಂಡ ಕವಿಯು ಸೋತವನಿಗೆ ಮೀಸಲಿಟ್ಟ ಈ ಮಾತನ್ನು ಮರೆಯುವಂತಿಲ್ಲ.

ಆದರೆ ಕರ್ಣನ ಕೈಯಿಂದ ಫಲವು ಜಾರಿದ ಗಳಿಗೆಯನ್ನು ಹಿಡಿದು ತೋರಿಸಿದವನು ಗದುಗಿನ ಕುಮಾರವ್ಯಾಸ. ಸಂಧಿಯ ಮಾತು ಮುರಿದುಬಿದ್ದಿದೆ. ಹಸ್ತಿನಾವತಿಯಿಂದ ಹಿಂದಿರುಗುವ ಕೃಷ್ಣನು ಕರ್ಣನೊಡನೆ ಮೈದುನತನದ ಸಲಿಗೆಯನ್ನು ನಟಿಸಿ, ಅವನನ್ನು ತನ್ನ ರಥದಲ್ಲಿ ಪಕ್ಕಕ್ಕೆಳೆದು ಕುಳ್ಳಿರಿಸಿಕೊಳ್ಳುತ್ತಾನೆ. ಸೂತಪುತ್ರನೆನಿಸಿಕೊಂಡೇ ಬಾಳಿದವನಿಗೆ ಆ ಆಸನವೇ ಮುಳ್ಳು. ಅನಂತರ ಜನ್ಮದ ಗುಟ್ಟನ್ನು ಬಿಚ್ಚಿ, ಕುಂತಿಯ ಹಿರಿಯ ಮಗನು ನೀನು, ಕೌರವರೂ ಪಾಂಡವರೂ ನಿನ್ನ ಎಡಬಲಗಳಲ್ಲಿ ನಿಂತು ಓಲೈಸುವರು ಎಂದು ರಾಜ್ಯವನ್ನು ಮುಂದಿಡುತ್ತಾನೆ. ಕರ್ಣನ ಕೊರಳ ಸೆರೆ ಉಬ್ಬುತ್ತದೆ, ಕಣ್ಣೀರು ಸುರಿಯುತ್ತದೆ. ಆಗ ಅವನ ಮನಸ್ಸಿಗೆ ಮೊದಲು ಹೊಳೆಯುವುದು ತನಗೆ ದೊರಕಲಿರುವ ಸಿಂಹಾಸನವಲ್ಲ. ಒಡೆಯನು ಇನ್ನು ಕೆಟ್ಟನೆಂಬುದು. ಹರಿಯ ಹಗೆತನ ಸುಡದೆ ಬರಿದೆ ಹೋಗುವುದಿಲ್ಲವೆಂದು ಅವನಿಗೆ ತಿಳಿಯುತ್ತದೆ. ವಂಶವನ್ನು ತಿಳಿಸುವುದೇ ಕೊಲ್ಲುವ ಉಪಾಯವಾಯಿತೆಂದು ಅವನು ಮನಸ್ಸಿನಲ್ಲಿಯೇ ಚಿಂತಿಸುತ್ತಾನೆ. ಕೌರವನ ಹಗೆಗಳ ತಲೆಗಳನ್ನರಿದು ಅವನಿಗೊಪ್ಪಿಸಬೇಕೆಂದಿದ್ದ ಆಸೆ ಆ ರಥದಲ್ಲಿಯೇ ಮುಗಿಯಿತು.

ಇಲ್ಲಿಯವರೆಗೆ ಕರ್ಣನಿಗೆ ಫಲವೆಂಬುದೊಂದಿತ್ತು: ಒಡೆಯನ ಗೆಲುವು. ಇಲ್ಲಿಂದ ಮುಂದೆ ಅವನಿಗೆ ಉಳಿದುದು ಬರಿಯ ದುಡಿಮೆ. ನಾಳಿನ ಯುದ್ಧವು ಮಾರಿಗೆ ಔತಣವಾಗುವುದೆಂದೂ, ತಾನು ಪಡೆಗಳನ್ನು ಕಡಿದು ಪತಿಯ ಋಣವನ್ನು ತೀರಿಸಿ ಒಡಲನ್ನು ಕಳೆಯುವೆನೆಂದೂ, ಐವರನ್ನು ನೋಯಿಸೆನೆಂದೂ ಅವನು ನುಡಿಯುತ್ತಾನೆ. ವ್ಯಾಸಭಾರತದ ಉದ್ಯೋಗಪರ್ವದಲ್ಲಿಯೂ ಕರ್ಣನಿಗೆ ಸೋಲು ಮೊದಲೇ ತಿಳಿದಿದೆ. ಅಲ್ಲಿ ಅವನು ಯುದ್ಧವನ್ನು ಒಂದು ಯಜ್ಞವೆಂದು ವರ್ಣಿಸುತ್ತಾನೆ, ಪಾಂಡವರು ಗೆದ್ದಂತೆ ಕಂಡ ಕನಸನ್ನು ಹೇಳುತ್ತಾನೆ, ತನ್ನ ಜನ್ಮದ ಸಂಗತಿಯನ್ನು ಯುಧಿಷ್ಠಿರನಿಗೆ ತಿಳಿಸಬೇಡವೆಂದು ಬೇಡುತ್ತಾನೆ. ಆ ಗಾಂಭೀರ್ಯ ದೊಡ್ಡದು. ಕುಮಾರವ್ಯಾಸನ ಕರ್ಣನಾದರೋ ಅಳುತ್ತಾನೆ. ಸಂಸ್ಕೃತದ ಕರ್ಣನಿಗಿಂತ ಇವನು ಗೀತೆಯ ಆದರ್ಶಕ್ಕೆ ದೂರವಾದವನು; ಲಾಭಾಲಾಭಗಳನ್ನು ಸಮನಾಗಿ ಕಾಣುವ ಕಣ್ಣು ಇವನಿಗಿಲ್ಲ. ಈ ಕಾರಣದಿಂದ ಇವನನ್ನು ನಿಷ್ಕಾಮಕರ್ಮಿಯೆಂದು ಹೊಗಳುವ ವ್ಯಾಖ್ಯಾನಕಾರರ ಮಾತನ್ನು ಪೂರ್ಣವಾಗಿ ಒಪ್ಪುವಂತಿಲ್ಲ. ಕಾಮನೆ ಅವನಲ್ಲಿ ಸತ್ತಿಲ್ಲ. ಅದು ಈಡೇರುವ ದಾರಿ ಮಾತ್ರ ಸತ್ತಿದೆ. ಆದರೂ ಅವನು ಬಿಲ್ಲನ್ನು ಕೆಳಗಿಡುವುದಿಲ್ಲ. ವಿರಾಗಿಯ ಕರ್ಮಕ್ಕಿಂತ ಈ ಕರ್ಮವು ಸಂಸಾರಿಗಳಿಗೆ ಹತ್ತಿರದ್ದು.

ಹೀಗೆ ಹೊಗಳಿ ಮುಗಿಸಿದರೆ ವಿಮರ್ಶೆ ಸುಲಭವಾದೀತು. ಇದರಲ್ಲಿ ಒಂದು ತೊಡಕಿದೆ. ಗಮಕವನ್ನು ಕೇಳಿ ಕಣ್ಣೊರಸಿಕೊಳ್ಳುವ ಸಭೆಗಳಲ್ಲಿ ಅದರ ವಿಚಾರ ಏಳುವುದು ಅಪರೂಪ. ಕರ್ಣನು ತನ್ನ ನಡತೆ ಶುದ್ಧವಾಗಿರಬೇಕೆಂದು ಎಚ್ಚರವಹಿಸಿದನು, ಸರಿ. ಆದರೆ ಅವನನ್ನು ನಂಬಿ ಯುದ್ಧಕ್ಕಿಳಿದ ದುರ್ಯೋಧನನಿಗೆ ಬೇಕಾದುದು ಕರ್ಣನ ಶುದ್ಧಿಯಲ್ಲ, ಗೆಲುವು. ಸೇನಾಪತಿಯು ಹಗೆಯ ಕಡೆಯ ಐವರಿಗೆ ಅಭಯವನ್ನು ಕೊಟ್ಟು ಪಟ್ಟವನ್ನು ಕಟ್ಟಿಸಿಕೊಳ್ಳುವುದು ನ್ಯಾಯವೇ? ತನ್ನ ಪ್ರಯತ್ನದಲ್ಲಿ ಕುಂದಿಲ್ಲದಿದ್ದರೆ ಸಾಕು, ಪರಿಣಾಮ ಏನಾದರೂ ಆಗಲಿ ಎನ್ನುವವನು, ಆ ಪರಿಣಾಮದ ಪೆಟ್ಟನ್ನು ಬೇರೊಬ್ಬನು ತಿನ್ನುವಾಗ, ಧರ್ಮಿಷ್ಠನೋ ಸ್ವಾರ್ಥಿಯೋ? ವೈದ್ಯನೂ ಉಪಾಧ್ಯಾಯನೂ ಮನೆಯ ಯಜಮಾನನೂ ಎದುರಿಸಬೇಕಾದ ಪ್ರಶ್ನೆಯಿದು. ಫಲವನ್ನು ಬಿಡುವ ಹಕ್ಕು ಅವರವರ ಪಾಲಿನ ಫಲಕ್ಕೆ ಮಾತ್ರ ಸಲ್ಲುವುದಲ್ಲವೇ?

ಈ ತೊಡಕು ಕುಮಾರವ್ಯಾಸನಿಗೆ ಕಾಣದೆ ಹೋಗಿಲ್ಲ. ಕರ್ಣಪರ್ವದ ಸರ್ಪಾಸ್ತ್ರದ ಸಂದರ್ಭವನ್ನು ನಿಧಾನವಾಗಿ ಓದಿದರೆ ಅದು ತಿಳಿಯುತ್ತದೆ. ಕರ್ಣನು ಆ ಬಾಣವನ್ನು ಅರ್ಜುನನ ಮೇಲೆ ತೊಡುತ್ತಾನೆ. ಐವರನ್ನು ನೋಯಿಸೆನೆಂದವನು ಹೀಗೆ ಮಾಡಬಹುದೇ ಎಂದು ಆಕ್ಷೇಪಿಸಬಹುದು. ಕಥೆಯ ಲೆಕ್ಕದಲ್ಲಿ ಆಕ್ಷೇಪ ಸರಿಯೇ. ಅನಂತರ ಸಾರಥಿಯಾದ ಶಲ್ಯನು ಗುರಿಯನ್ನು ಬದಲಿಸಿ ಹೂಡೆಂದು ಬುದ್ಧಿ ಹೇಳುತ್ತಾನೆ. ಕರ್ಣನು ಒಪ್ಪುವುದಿಲ್ಲ. ಕೃಷ್ಣನು ರಥವನ್ನು ನೆಲಕ್ಕೆ ಒತ್ತುತ್ತಾನೆ. ಬಾಣವು ಕೊರಳನ್ನು ತಪ್ಪಿ ಕಿರೀಟವನ್ನು ಕೊಂಡೊಯ್ಯುತ್ತದೆ. ಹಾವೇ ಮರಳಿ ಬಂದು ಇನ್ನೊಮ್ಮೆ ತೊಡೆಂದು ಬೇಡಿದರೂ ಕರ್ಣನು ಒಲ್ಲನು, ಏಕೆಂದರೆ ತೊಟ್ಟ ಬಾಣವನ್ನು ಮತ್ತೆ ತೊಡೆನೆಂಬ ಭಾಷೆಯನ್ನು ಕುಂತಿಗೆ ಕೊಟ್ಟಿದ್ದಾನೆ. ಶಲ್ಯನು ಮುನಿದು ರಥವನ್ನಿಳಿದು ಹೋಗುತ್ತಾನೆ. ಅಲ್ಲಿ ಕರ್ಣನು ಎರಡು ಸಾಲಗಳ ನಡುವೆ ನಿಂತಿದ್ದಾನೆ: ಮೊದಲು ತೊಟ್ಟ ಬಾಣ ಒಡೆಯನಿಗೆ ಸಂದುದು, ತೊಡದೆ ಉಳಿಸಿದುದು ತಾಯಿಗೆ ಸಂದುದು. ಕೈಯಲ್ಲಿದ್ದ ಪೂರ್ಣಬಲವನ್ನು ಅವನು ಕೌರವನಿಗಾಗಿ ಸುರಿದನು. ಆದರೆ ಒಂದೇ ಸಲ. ಶಲ್ಯನ ಮುನಿಸು ದುರ್ಯೋಧನನ ಪರವಾಗಿ ಆಡಿದ ಮುನಿಸು. ಅದನ್ನು ಅವನ ದುಷ್ಟತನವೆಂದು ತಳ್ಳಿಹಾಕುವ ಓದು ಕವಿಗೆ ಅನ್ಯಾಯ ಮಾಡುತ್ತದೆ. ಇನ್ನೊಂದು ಮಾತು: ಇಟ್ಟ ಪದವನ್ನು ಅಳಿಸದೆ ಬರೆಯುವುದೇ ತನ್ನ ಅಗ್ಗಳಿಕೆಯೆಂದು ಪೀಠಿಕೆಯಲ್ಲಿ ಬೀಗಿದ ಕವಿಗೆ, ಹೂಡಿದ ಗುರಿಯನ್ನು ತಿದ್ದದ ಬಿಲ್ಲಾಳಿನ ಮೇಲೆ ಒಲವು ಹುಟ್ಟಿದುದು ಸಹಜವೇ.

ದುರ್ಯೋಧನನಿಗೆ ಆದ ಅನ್ಯಾಯದ ಪ್ರಶ್ನೆ ಆದರೂ ಉಳಿಯುತ್ತದೆ. ಇದಕ್ಕೆ ಉತ್ತರದಂತಿರುವ ಮಾತು ಕುಮಾರವ್ಯಾಸನಿಗಿಂತ ಕೆಲವು ಶತಮಾನಗಳ ಹಿಂದೆಯೇ ಹುಟ್ಟಿದ ಗದಾಯುದ್ಧದಲ್ಲಿ ಸಿಕ್ಕುತ್ತದೆ. ರನ್ನನ ಈ ಕಾವ್ಯದಲ್ಲಿಯೂ ಆಶ್ರಯದಾತನಾದ ಸತ್ಯಾಶ್ರಯನಿಗೆ ಭೀಮನನ್ನು ಹೋಲಿಸಿದೆ; ಆದರೆ ಬಿ. ಎಂ. ಶ್ರೀಕಂಠಯ್ಯನವರು ೧೯೨೬ರಲ್ಲಿ ಇದನ್ನು ನಾಟಕರೂಪಕ್ಕೆ ತಂದ ಮೇಲೆ ವಾಚಕರ ಕಣ್ಣು ದುರ್ಯೋಧನನ ಮೇಲೆಯೇ ನೆಟ್ಟಿದೆ. ಅವನ ಛಲವನ್ನೂ ಫಲನಿರಪೇಕ್ಷವಾದ ಸಾಹಸವೆಂದು ಕೊಂಡಾಡುವವರಿದ್ದಾರೆ. ಅದು ಅತಿಯಾಯಿತು. ನೆಲಕ್ಕಾಗಿ ಕಾದುವುದಿಲ್ಲವೆಂದು ಭೀಷ್ಮನ ಮುಂದೆ ಹೇಳುವವನ ಛಲಕ್ಕೂ ಒಂದು ಫಲವಿದೆ: ಹಗೆಯು ಉಳಿಯಬಾರದು. ಕರ್ಣನ ದುಡಿಮೆಗೆ ಅಂಥ ಹಗೆಯ ಉರುವಲಿಲ್ಲ.

ಆದರೆ ರಣರಂಗದ ಹೆಣಗಳ ನಡುವೆ ಸಂಜಯನೊಡನೆ ನಡೆಯುವಾಗ ಅದೇ ದುರ್ಯೋಧನನು ಬೇರೊಬ್ಬನಾಗುತ್ತಾನೆ. ದ್ರೋಣನನ್ನು ಕಂಡು ಮರುಗುತ್ತಾನೆ, ಮಗನನ್ನೂ ತಮ್ಮನನ್ನೂ ಕಂಡು ಬಸವಳಿಯುತ್ತಾನೆ, ಹಗೆಯ ಮಗನಾದ ಅಭಿಮನ್ಯುವಿನ ಶೌರ್ಯಕ್ಕೂ ಕೈಮುಗಿಯುತ್ತಾನೆ. ಕರ್ಣನ ಹೆಣದ ಮುಂದೆ ಅವನಾಡುವ ಮಾತಿನಲ್ಲಿ ಹೊಸ ಸಂಗತಿಯೊಂದು ಹೊರಬೀಳುತ್ತದೆ. ಕರ್ಣನು ಯಾರೆಂಬುದು ಅವನಿಗೆ ತಿಳಿದಿತ್ತು. ಕುಂತಿ, ಕೃಷ್ಣ, ಸೂರ್ಯ, ದಿವ್ಯಜ್ಞಾನಿಯಾದ ಸಹದೇವ—ಗುಟ್ಟನ್ನು ಬಲ್ಲವರ ಆ ಪಟ್ಟಿಯಲ್ಲಿ ಮೊದಲ ಹೆಸರು ತನ್ನದೇ ಎಂದು ದುರ್ಯೋಧನನು ಹೇಳುತ್ತಾನೆ.

ರನ್ನನು ಈ ಮಾತನ್ನು ವಿವರಿಸುವುದಿಲ್ಲ. ಶೋಕದ ನಡುವೆ ಹೇಳಿಸಿ ಮುಂದಕ್ಕೆ ನಡೆಯುತ್ತಾನೆ. ಆದರೆ ಇದನ್ನು ನೆನಪಿನಲ್ಲಿಟ್ಟುಕೊಂಡು ಕುಮಾರವ್ಯಾಸನ ಉದ್ಯೋಗಪರ್ವಕ್ಕೆ ಹಿಂದಿರುಗಿದವರಿಗೆ ರಥದೊಳಗಿನ ಆ ಸಂಭಾಷಣೆಯ ಬಣ್ಣವೇ ಬೇರೆಯಾಗುತ್ತದೆ. ಎರಡು ಕಾವ್ಯಗಳ ಕಥೆಯನ್ನು ಒಂದಾಗಿ ಹೊಲಿಯುವುದು ಶಾಸ್ತ್ರಸಮ್ಮತವಲ್ಲವೆಂದು ಪಂಡಿತರು ಹೇಳಬಹುದು. ಇರಲಿ. ರನ್ನನ ದುರ್ಯೋಧನನು ಹಗೆಯ ಅಣ್ಣನೆಂದು ಬಲ್ಲವನನ್ನೇ ಎದೆಗೆ ಹತ್ತಿರವಿಟ್ಟುಕೊಂಡಿದ್ದನು, ಅವನಿಗೇ ಪಡೆಯನ್ನೊಪ್ಪಿಸಿದ್ದನು. ಕರ್ಣನು ಯಾರ ಗೆಲುವನ್ನು ಕೈಬಿಟ್ಟು ದುಡಿದನೋ, ಅವನೂ ಆ ಸ್ನೇಹವನ್ನು ಗೆಲುವಿನ ತಕ್ಕಡಿಯಲ್ಲಿಟ್ಟು ತೂಗಿರಲಿಲ್ಲ. ಆ ಹೆಣವನ್ನು ಬಿಟ್ಟು ಶರಶಯನದ ಭೀಷ್ಮನ ಕಡೆಗೆ ಹೆಜ್ಜೆ ಹಾಕುವಾಗ ದುರ್ಯೋಧನನ ಬಾಯಲ್ಲಿ ಕರ್ಣನ ಮೇಲಿನ ದೂರು ಒಂದೂ ಇಲ್ಲ.