ಹಳೇ ಬಾಗಿಲು, ಹೊಸ ಮೂತಿ

ಪುಟ್ಟ ಕಾರಿನ ಮುಖ ತಿದ್ದುವವರ ಕೈಚಳಕ ನೋಡಬೇಕೆಂದರೆ ಮಾರುತಿ 800ರ ಮುಂದೆ ಕುಕ್ಕರಗಾಲಲ್ಲಿ ಕೂರಬೇಕು. 1986ರಲ್ಲಿ ಬಂದ ಅದರ ಮೈಕಟ್ಟು 2014ರಲ್ಲಿ ತಯಾರಿಕೆ ನಿಲ್ಲುವವರೆಗೂ ಹೆಚ್ಚುಕಮ್ಮಿ ಹಾಗೇ ಇತ್ತು. ಬಾಗಿಲು, ಟಾಪು ಮುಟ್ಟುವಂತಿಲ್ಲ. ಉಕ್ಕಿನ ತಗಡನ್ನು ಒತ್ತಿ ರೂಪಿಸುವ ಅಚ್ಚುಗಳು ಅಷ್ಟು ದುಬಾರಿ. ಕೈಗೆ ಸಿಗುವುದು ಬಂಪರ್, ಗ್ರಿಲ್, ದೀಪ, ಡ್ಯಾಶ್‌ಬೋರ್ಡ್. ಆ ಇಕ್ಕಟ್ಟಿನಲ್ಲೇ ಕಸುಬು ತೋರಬೇಕು. ಕ್ರೋಮ್ ಪಟ್ಟಿ ಅಂಟಿಸಿ ಹೊಸ ಕಾರು ಅಂತ ಮಾರುವವರೂ ಇದ್ದಾರೆ, ಬಿಡಿ. ಬಲ್ಲವರ ಕೆಲಸದಲ್ಲಿ ಹೊಸ ದೀಪದ ಅಂಚು ಹಳೇ ಬಾನೆಟ್ಟಿನ ಗೆರೆಯನ್ನು ಹುಡುಕಿಕೊಂಡು ಬಂದು ಸೇರುತ್ತದೆ. ಸಂದಿಯಲ್ಲಿ ಬೆರಳಾಡಿಸಿ ನೋಡಿ, ಎಲ್ಲೂ ಅಗಲ ಏರುಪೇರಿಲ್ಲ. ಆ ಗೆರೆ ಮೊದಲಿಂದಲೂ ಈ ದೀಪಕ್ಕೇ ಕಾದಿತ್ತೇನೋ ಅನಿಸಬೇಕು.

ನನಗೆ ಹೆಚ್ಚು ಮೆಚ್ಚುಗೆಯಾದದ್ದು ಮಾತ್ರ ಬಾನೆಟ್ಟಿನ ಕೆಳಗಿನದು. ಮೂರು ಸಿಲಿಂಡರಿನ 796 ಸಿಸಿ ಎಂಜಿನ್ ಉಳಿಯಿತು. ಹೊಗೆ ನಿಯಮ ಬಿಗಿಯಾದಾಗ ಕಾರ್ಬುರೇಟರ್ ಹೋಗಿ, ಲೆಕ್ಕ ಹಾಕಿ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರುಗಳು ಬಂದವು. ಹೊರಗೆ ನಿಂತವರಿಗೆ ಏನೇನೂ ಕಾಣದು. ಚಳಿಗಾಲದ ಬೆಳಗ್ಗೆ ಚೋಕ್ ಎಳೆದು, ಕೆಮ್ಮುವ ಎಂಜಿನ್ನನ್ನು ಆಕ್ಸಿಲರೇಟರ್ ಒತ್ತೊತ್ತಿ ಸಮಾಧಾನಪಡಿಸುತ್ತಿದ್ದವರಿಗೆ ಮಾತ್ರ ಒಂದೇ ಕೀಲಿ ತಿರುವಿಗೆ ಗೊತ್ತಾಗುತ್ತಿತ್ತು.