ಹೊತ್ತನರಿತ ಕಾಲು

ಫುಟ್‌ಬಾಲ್ ಅಂಗಳದಲ್ಲಿ ಓಡುವವರು ಬಹಳ ಮಂದಿ. ಚೆಂಡು ಬಂದು ಬೀಳುವ ಜಾಗಕ್ಕೆ ಸರಿಯಾದ ಹೊತ್ತಿಗೆ ತಲುಪುವವರು ಕೆಲವರೇ. ಮೊದಲೇ ಬಂದರೆ ಎದುರಾಳಿ ಬೆನ್ನಿಗೆ ಬೀಳುತ್ತಾನೆ, ತಡವಾದರೆ ಚೆಂಡೇ ಇರುವುದಿಲ್ಲ. ಒಲೆಯ ಮೇಲಿನ ಹಾಲು ಉಕ್ಕುವ ಗಳಿಗೆಯನ್ನು ಬೇರೆ ಕೆಲಸದ ನಡುವೆಯೂ ಅರಿಯುವ ಅಮ್ಮನ ಹಾಗೆ, ಒಳ್ಳೆಯ ಸ್ಟ್ರೈಕರ್ ಗೋಲಿನ ಗಳಿಗೆಯನ್ನು ಬಲ್ಲ. ಕ್ರೊವೇಷಿಯಾದ ಜ್ಲಾಟ್ಕೊ ಕ್ರಾಂಚಾರ್ ಅಂಥವರು. 1956ರಲ್ಲಿ ಜಾಗ್ರೆಬ್‌ನಲ್ಲಿ ಹುಟ್ಟಿದ ಅವರು ಊರವರ ಬಾಯಲ್ಲಿ ಕೊನೆಯವರೆಗೂ ‘ತ್ಸಿತ್ಸೊ’.

ತಮ್ಮೂರಿನ ದಿನಾಮೊ ಕ್ಲಬ್ಬಿಗೆ ಅವರು ಹತ್ತು ವರ್ಷ ಆಡಿದರು. 261 ಲೀಗ್ ಪಂದ್ಯಗಳಲ್ಲಿ 98 ಗೋಲು. 1982ರಲ್ಲಿ ದಿನಾಮೊ ಯುಗೊಸ್ಲಾವಿಯಾದ ಚಾಂಪಿಯನ್ ಆದಾಗ ಆ ಪಟ್ಟಕ್ಕಾಗಿ ಊರು ಕಾದು 24 ವರ್ಷವಾಗಿತ್ತು. ಆಮೇಲೆ ವಿಯೆನ್ನಾದ ರಾಪಿಡ್ ಕ್ಲಬ್. ಅಲ್ಲಿ 201 ಲೀಗ್ ಪಂದ್ಯಗಳಲ್ಲಿ 106 ಗೋಲು! ನನ್ನನ್ನು ಸೆಳೆಯುವುದು ಈ ಎರಡು ಲೆಕ್ಕಗಳ ನಡುವಿನ ಅಂತರ. ಸ್ಟ್ರೈಕರ್‌ಗಳ ಕಾಲು ಸೋಲತೊಡಗುವ ವಯಸ್ಸಿನಲ್ಲಿ, ಇಪ್ಪತ್ತೇಳರಿಂದ ಮೂವತ್ತಮೂರರವರೆಗೆ, ಅವರ ಗೋಲುಗಳು ಇನ್ನಷ್ಟು ದಟ್ಟವಾದವು. ವೇಗ ಕೊಡಲಾರದ್ದನ್ನು ಮಾಗಿದ ಕಣ್ಣು ಕೊಟ್ಟಿತು. ಹಾನ್ಸ್ ಕ್ರಾಂಕ್ಲ್, ಆಂಟೊನಿನ್ ಪನೆಂಕಾ ಅವರಂಥ ಘಟಾನುಘಟಿಗಳಿದ್ದ ರಾಪಿಡ್ 1985ರಲ್ಲಿ ಕಪ್ ವಿನ್ನರ್ಸ್ ಕಪ್ ಫೈನಲ್‌ವರೆಗೂ ಹೋಗಿ ಎವರ್ಟನ್‌ಗೆ ಸೋತಿತು. 1987 ಮತ್ತು 1988ರಲ್ಲಿ ಆಸ್ಟ್ರಿಯಾದ ಲೀಗ್ ಗೆದ್ದಿತು.

1990ರ ಅಕ್ಟೋಬರ್ 17. ಯುಗೊಸ್ಲಾವಿಯಾ ಇನ್ನೂ ಒಡೆದಿರಲಿಲ್ಲ. ಜಾಗ್ರೆಬ್‌ನ ಮಾಕ್ಸಿಮಿರ್ ಕ್ರೀಡಾಂಗಣದಲ್ಲಿ ಕ್ರೊವೇಷಿಯಾ ಎಂಬ ಹೆಸರಿನ ತಂಡ ಅಮೆರಿಕದ ಎದುರು ಕಣಕ್ಕಿಳಿಯಿತು. ನಾಡಿಗಿಂತ ಮೊದಲೇ ನಾಡಿನ ತಂಡ ಹುಟ್ಟಿದ ಸಂಜೆ ಅದು. ಕ್ರೊವೇಷಿಯಾ 2–1ರಿಂದ ಗೆದ್ದಿತು. ತಂಡದ ನಾಯಕ, ಮೂವತ್ತನಾಲ್ಕು ತುಂಬಲು ಒಂದು ತಿಂಗಳಿದ್ದ ಕ್ರಾಂಚಾರ್. ತರಬೇತುದಾರ ದ್ರಾಜಾನ್ ಯೆರ್ಕೊವಿಚ್ ಕೂಡ ಹಳೆಯ ದಿನಾಮೊ ಸ್ಟ್ರೈಕರ್. 1962ರ ಚಿಲಿ ವಿಶ್ವಕಪ್‌ನಲ್ಲಿ ಅತಿ ಹೆಚ್ಚು ಗೋಲು ಹೊಡೆದವರಲ್ಲಿ ಒಬ್ಬರು. ಗೋಲಿನ ವಿದ್ಯೆ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಸಾಗುತ್ತಿದ್ದುದನ್ನು ಆ ಸಂಜೆ ಜಾಗ್ರೆಬ್ ಕಣ್ಣಾರೆ ಕಂಡಿತು.

ಆ ವಿದ್ಯೆ ಮುಂದೆಯೂ ಹರಿಯಿತು. ತರಬೇತುದಾರರಾಗಿ ಕ್ರಾಂಚಾರ್ 1996 ಮತ್ತು 1998ರಲ್ಲಿ ತಮ್ಮ ಹಳೆಯ ಕ್ಲಬ್ಬಿಗೆ ಲೀಗ್, ಕಪ್ ಎರಡನ್ನೂ ಗೆದ್ದುಕೊಟ್ಟರು. ಆದರೆ ನಾನು ಹೆಚ್ಚು ಮೆಚ್ಚುವುದು 2002ರ ಗೆಲುವನ್ನು. ಸ್ವತಂತ್ರ ಕ್ರೊವೇಷಿಯಾದ ಲೀಗ್ ಪಟ್ಟ ಅಲ್ಲಿಯವರೆಗೆ ಎರಡೇ ಮನೆಗಳ ಸ್ವತ್ತು: ಜಾಗ್ರೆಬ್‌ನ ದಿನಾಮೊ, ಸ್ಪ್ಲಿಟ್‌ನ ಹಾಯ್ದುಕ್. ಆ ಬೀಗ ಒಡೆದದ್ದು ಎನ್‌ಕೆ ಜಾಗ್ರೆಬ್ ಎಂಬ ಸಣ್ಣ ಕ್ಲಬ್, ಕ್ರಾಂಚಾರ್ ಗರಡಿಯಲ್ಲಿ. ಆ ವರ್ಷ ಲೀಗ್‌ನಲ್ಲಿ ಅತಿ ಹೆಚ್ಚು ಗೋಲು ಹೊಡೆದ ಇವಿತ್ಸಾ ಓಲಿಚ್ ಅವರ ಹುಡುಗನೇ. ಓಲಿಚ್ ಮುಂದೆ ದೇಶದ ಹೆಸರಾಂತ ಸ್ಟ್ರೈಕರ್ ಆದರು. ಆಟ ಬಿಟ್ಟ ಮೇಲೆ ಅವರೂ ತರಬೇತುದಾರರಾದರು.

2004ರಲ್ಲಿ ರಾಷ್ಟ್ರೀಯ ತಂಡದ ಹೊಣೆ ಹೆಗಲಿಗೆ ಬಂತು. ವಿಶ್ವಕಪ್ ಅರ್ಹತಾ ಸುತ್ತಿನ ಹತ್ತು ಪಂದ್ಯಗಳಲ್ಲಿ ಏಳು ಗೆಲುವು, ಮೂರು ಡ್ರಾ, ಸೋಲಿಲ್ಲ. ಸ್ವೀಡನ್‌ಗೂ ಅಷ್ಟೇ ಅಂಕ. ಆದರೆ ಅವರನ್ನು ಅವರ ನೆಲದಲ್ಲೂ ತವರಲ್ಲೂ 1–0ರಿಂದ ಸೋಲಿಸಿದ್ದರಿಂದ ಗುಂಪಿನ ಮೊದಲ ಸ್ಥಾನ ಕ್ರೊವೇಷಿಯಾಕ್ಕೆ ದಕ್ಕಿತು. ಎರಡೂ ಗೋಲು ದಾರಿಯೊ ಸ್ರ್ನಾ ಅವರದು. ಮಗ ನಿಕೊನನ್ನು ತಂಡಕ್ಕೆ ತೆಗೆದುಕೊಂಡಾಗ ಜನ ಆಡಿಕೊಂಡರು. ತಂದೆ ಮಣಿಯಲಿಲ್ಲ. ತಂದೆಯ ನಂತರ ಬಂದ ತರಬೇತುದಾರರೂ ನಿಕೊನನ್ನು ಆಡಿಸಿದರು ಎಂಬುದು ಆ ಮಾತುಗಳಿಗೆ ಸಾಕಷ್ಟು ಉತ್ತರ.

ಈ ಎಲ್ಲದರ ಸಾರ ಒಂದು ಪಂದ್ಯದಲ್ಲಿ ಸಿಗುತ್ತದೆ. 2006ರ ಮಾರ್ಚ್ 1ರಂದು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಅರ್ಜೆಂಟೀನಾದ ಎದುರು ಸೌಹಾರ್ದ ಪಂದ್ಯ. ಮೂರನೇ ನಿಮಿಷದಲ್ಲಿ ಇವಾನ್ ಕ್ಲಾಸ್ನಿಚ್ ಗೋಲು. ಮರುನಿಮಿಷವೇ ತೆವೆಸ್ ಸಮ ಮಾಡಿದರು. ಆರನೇ ನಿಮಿಷದಲ್ಲಿ ಹದಿನೆಂಟರ ಹುಡುಗ ಮೆಸ್ಸಿ ತಮ್ಮ ದೇಶಕ್ಕೆ ಮೊತ್ತಮೊದಲ ಗೋಲು ಹೊಡೆದರು. ಜಗತ್ತು ಈಗ ನೆನೆಯುವುದು ಇಷ್ಟನ್ನೇ. ಆದರೆ ದ್ವಿತೀಯಾರ್ಧದಲ್ಲಿ ಸ್ರ್ನಾ ಮತ್ತೆ ಸಮ ಮಾಡಿದರು. ಅರ್ಜೆಂಟೀನಾದಂಥ ತಂಡದೆದುರು ಡ್ರಾ ಸಿಕ್ಕರೂ ಹಬ್ಬವೇ. ಕ್ರೊವೇಷಿಯಾಕ್ಕೆ ಅದು ಸಾಲಲಿಲ್ಲ. ಇಂಜುರಿ ಸಮಯದಲ್ಲಿ ದಾರಿಯೊ ಶಿಮಿಚ್ ಮೂರನೇ ಗೋಲು ಹೊಡೆದರು. ಶಿಮಿಚ್ ರಕ್ಷಣಾ ಸಾಲಿನ ಆಟಗಾರ! ಗೋಲು ತಡೆಯಬೇಕಾದವನೂ ಗೋಲಿನ ಗಳಿಗೆಯನ್ನು ಅರಿಯುವಂತೆ ಮಾಡುವುದಕ್ಕಿಂತ ದೊಡ್ಡ ಪಾಠವನ್ನು ಒಬ್ಬ ಹಳೆಯ ಸ್ಟ್ರೈಕರ್ ಇನ್ನೇನು ಕಲಿಸಿಯಾನು?

ಜರ್ಮನಿಯ ವಿಶ್ವಕಪ್ ಮಾತ್ರ ಕೈಹಿಡಿಯಲಿಲ್ಲ. ಬ್ರೆಜಿಲ್ ಎದುರು ಒಂದು ಗೋಲಿನ ಸೋಲು, ಜಪಾನ್ ಮತ್ತು ಆಸ್ಟ್ರೇಲಿಯಾ ಜೊತೆ ಡ್ರಾ. ತಂಡ ಗುಂಪು ಹಂತದಲ್ಲೇ ಹೊರಬಿತ್ತು, ಅವರ ಹುದ್ದೆ ಹೋಯಿತು. ಕ್ರಾಂಚಾರ್ ಸುಮ್ಮನೆ ಕೂರಲಿಲ್ಲ. ಪುಟ್ಟ ಮಾಂಟೆನೆಗ್ರೊವನ್ನು ಕರೆದೊಯ್ದು 2010ರಲ್ಲಿ ವೆಂಬ್ಲಿಯಲ್ಲಿ ಇಂಗ್ಲೆಂಡಿಗೆ ಗೋಲು ಸಿಗದಂತೆ ಡ್ರಾ ಮಾಡಿಸಿದರು. ಇರಾನಿನ ಸೆಪಾಹಾನ್ ಕ್ಲಬ್ಬಿಗೆ ಲೀಗ್ ಗೆದ್ದುಕೊಟ್ಟರು.

ಅವರು ತೀರಿಕೊಂಡದ್ದು 2021ರ ಮಾರ್ಚ್ 1ರಂದು, ಬಾಸೆಲ್ ಪಂದ್ಯಕ್ಕೆ ಸರಿಯಾಗಿ ಹದಿನೈದು ವರ್ಷ ತುಂಬಿದ ದಿನ. ಕ್ರೊವೇಷಿಯಾ ಎಂದರೆ ನಮಗೆ ತಟ್ಟನೆ ಮೊಡ್ರಿಚ್ ನೆನಪಾಗುತ್ತಾರೆ, ಅದು ತಕ್ಕದ್ದೇ. ಆ ತಂಡದ ಮೊದಲ ಪಂದ್ಯಕ್ಕೆ ನಾಯಕನಾಗಿ ನಿಂತವರನ್ನೂ ಫುಟ್‌ಬಾಲ್ ಪ್ರೇಮಿಗಳು ನೆನೆಯಲಿ. ಬಾಸೆಲ್ ಪಂದ್ಯವನ್ನು ನೋಡುವವರು ಮೆಸ್ಸಿಯ ಗೋಲಿಗೆ ನಿಲ್ಲಿಸದೆ ಶಿಮಿಚ್ ಗೋಲಿನವರೆಗೂ ನೋಡಲಿ.